ದೇವರು ದಾರಿ ತಿರುಗಿಸಿದಾಗ: ಡಾ. ಮೇರಿ ವರ್ಗೀಸ್ ಅವರ ಜೀವನ

ಮೈಸೂರಿನಿಂದ, ಬೆಂಗಳೂರಿನಿಂದ ಬೆಳಿಗ್ಗೆನೇ ಬಸ್ಸು ಹತ್ತಿ ಈ ತಗಡೂರಿನವರೆಗೂ ಬಂದಿದ್ದೀರಿ. ದೇವರಿಗೆ ಸ್ತೋತ್ರ. ಸ್ವಾತಂತ್ರ್ಯ ಚಳವಳಿಯಲ್ಲಿ ಹೆಸರು ಮಾಡಿದ ಊರು ಇದು. ತಗಡೂರು ರಾಮಚಂದ್ರರಾಯರ ಊರು ಅಂದ್ರೆ ಹಿರಿಯರಿಗೆ ಈಗಲೂ ಗೊತ್ತು. ಯೌವನಸ್ಥರ ಕೂಟವನ್ನ ಸಿಟಿಯಲ್ಲೇ ಇಟ್ಟುಕೊಳ್ಳಬಹುದಿತ್ತಲ್ವಾ ಪಾಸ್ಟರ್, ಇಲ್ಲಿಗೆ ಯಾಕೆ ಕರ್ಕೊಂಡು ಬಂದ್ರಿ ಅಂತ ಕೆಲವರು ಕೇಳಿದ್ರು. ಕಾರಣ ಇದೆ. ಸ್ವಲ್ಪ ಹೊತ್ತಿನಲ್ಲಿ ಹೇಳ್ತೀನಿ.

ನೀವು ಕೊಟ್ಟ ಪ್ರಾರ್ಥನಾ ವಿನಂತಿಗಳ ಚೀಟಿಗಳನ್ನ ಈ ವಾರ ಕೂತು ಓದಿದೆ. ಒಬ್ಬ ತಂಗಿ ಎರಡು ಸಲ ನೀಟ್ ಬರೆದಿದ್ದಾಳೆ, ಸೀಟು ಸಿಕ್ಕಿಲ್ಲ. ಒಬ್ಬ ತಮ್ಮ ಬಿ.ಕಾಂ. ಮುಗಿಸಿ ಕೆಲಸಕ್ಕೂ ಸೇರಿದ್ದಾನೆ, ಆದರೆ ರೋಗಿಗಳ ಸೇವೆ ಮಾಡಬೇಕು ಅನ್ನೋ ಭಾರ ಅವನ ಹೃದಯದಿಂದ ಹೋಗ್ತಾ ಇಲ್ಲ. ಇನ್ನೊಬ್ಬ ಸಹೋದರಿ ನರ್ಸ್. ರೋಗಿಗಳನ್ನ ಎತ್ತಿ ಇಳಿಸಿ ಬೆನ್ನುನೋವು ಬಂದು ಈಗ ವಾರ್ಡಿನಲ್ಲಿ ನಿಲ್ಲೋಕೆ ಆಗ್ತಾ ಇಲ್ಲ. ಕೈಬರಹ ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ: ನಾನು ದೇವರ ಚಿತ್ತವನ್ನ ತಪ್ಪಿ ನಡೆದೆನಾ? ಇಷ್ಟು ವರ್ಷ ಓದಿದ್ದೆಲ್ಲ ದಂಡವಾಯ್ತಾ?

ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ತೆಗೀರಿ. ಪೌಲ, ಸೀಲ, ತಿಮೊಥೆಯ ಹೊರಟಿದ್ದಾರೆ. ಆಸ್ಯದಲ್ಲಿ ವಾಕ್ಯ ಸಾರಬೇಕು ಅಂತ ಅವರ ಆಸೆ. ಪವಿತ್ರಾತ್ಮನು ತಡೀತಾನೆ. ಸರಿ, ಬಿಥೂನ್ಯಕ್ಕೆ ಹೋಗೋಣ ಅಂತ ತಿರುಗ್ತಾರೆ. ಅಲ್ಲೂ ಬಾಗಿಲು ಮುಚ್ಚುತ್ತೆ. ಗಮನಿಸಿ, ಅವರು ಪಾಪ ಮಾಡಿ ದಾರಿ ತಪ್ಪಿದವರಲ್ಲ, ಸುವಾರ್ತೆ ಸಾರೋಕೆ ಹೊರಟವರು. ಆದರೂ ಎರಡು ಬಾಗಿಲು ಮುಚ್ಚಿತು. ಕೊನೆಗೆ ಸಮುದ್ರದ ದಡದ ತ್ರೋವ ಪಟ್ಟಣಕ್ಕೆ ಬಂದು ನಿಂತರು. ಅಲ್ಲಿ ಪೌಲನಿಗೆ ಮಕೆದೋನ್ಯದವನ ದರ್ಶನವಾಯ್ತು, ಅದು ನಮಗೆಲ್ಲ ಗೊತ್ತು. ಆದರೆ ಇನ್ನೊಂದು ವಿಷಯ ಅಲ್ಲೇ ನಡೀತು. ಅಲ್ಲಿಯವರೆಗೆ ಈ ಪ್ರಯಾಣದ ಕಥೆಯಲ್ಲಿ ಅವರು ಹೋದರು, ಅವರು ಬಂದರು ಅಂತ ಇದೆ. ತ್ರೋವದಿಂದ ನಾವು ಹೊರಟೆವು ಅಂತ ಬದಲಾಗುತ್ತೆ. ಯಾಕೆ? ಬರೆಯುವವನೇ ಅಲ್ಲಿ ಜೊತೆ ಸೇರಿಕೊಂಡ. ಅವನು ಲೂಕ, ವೈದ್ಯ. ಎರಡು ಬಾಗಿಲು ಮುಚ್ಚಿದ ಮೇಲೆ ಸಿಕ್ಕ ಊರಿನಲ್ಲೇ ಪೌಲನಿಗೆ ಒಬ್ಬ ವೈದ್ಯ ಜೊತೆಯಾದ. ಹಲ್ಲೆಲೂಯಾ!

ಇವತ್ತು ತ್ರೋವದಲ್ಲಿ ಬಂದು ನಿಂತ ಒಬ್ಬ ವೈದ್ಯೆಯ ಜೀವನ ಹೇಳ್ತೀನಿ. ಅವರ ಹೆಸರು ಡಾ. ಮೇರಿ ವರ್ಗೀಸ್.

ಮೇರಿಯವರು ಹುಟ್ಟಿದ್ದು 1925ರಲ್ಲಿ, ಕೇರಳದ ಕೊಚ್ಚಿ ಹತ್ತಿರದ ಚೆರಾಯಿ ಅನ್ನೋ ಊರಲ್ಲಿ. ಎಂಟು ಮಕ್ಕಳಲ್ಲಿ ಏಳನೆಯವರು. ಅನುಕೂಲವಾಗಿದ್ದ ಕ್ರೈಸ್ತ ಕುಟುಂಬ, ತಂದೆ ಸಭೆಯಲ್ಲಿ ಮುಖಂಡರು. ಎರ್ನಾಕುಲಂನ ಮಹಾರಾಜಾಸ್ ಕಾಲೇಜಿನಲ್ಲಿ ಓದಿ, ಆಮೇಲೆ ವೈದ್ಯಕೀಯ ಓದೋಕೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಸೇರಿದರು.

ವೆಲ್ಲೂರು ನಮಗೆ ದೂರದ ಹೆಸರೇನಲ್ಲ. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನ ಇಟ್ಟಿದ್ದು ಅಲ್ಲಿನ ಕೋಟೆಯಲ್ಲೇ. ಇವತ್ತು ನಮ್ಮ ಕಡೆಯವರು ಡಾಕ್ಟರ್ ಕೈಬಿಟ್ಟರು ಅಂದಾಗ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿಯೋದೂ ಅಲ್ಲಿಗೇ. ಆ ಆಸ್ಪತ್ರೆ ಶುರುವಾದದ್ದೂ ದಾರಿ ತಿರುಗಿದ ಒಬ್ಬ ಹುಡುಗಿಯಿಂದಲೇ. ಐಡಾ ಸ್ಕಡರ್ ಅಂತ, 1870ರಲ್ಲಿ ಅಲ್ಲೇ ಹತ್ತಿರದ ರಾಣಿಪೇಟೆಯಲ್ಲಿ ಮಿಷನರಿ ಮನೆತನದಲ್ಲಿ ಹುಟ್ಟಿದವರು. ತಾನು ಮಾತ್ರ ಮಿಷನರಿ ಆಗಲ್ಲ, ಅಮೆರಿಕಾದಲ್ಲೇ ಇರ್ತೀನಿ ಅಂತ ತೀರ್ಮಾನ ಮಾಡಿದ್ದವರು. ತಾಯಿಗೆ ಹುಷಾರಿಲ್ಲ ಅಂತ ಸ್ವಲ್ಪ ದಿನಕ್ಕೆ ಬಂದಿದ್ದಾಗ, ಒಂದೇ ರಾತ್ರಿ ಮೂರು ಮನೆಯವರು ಹೆರಿಗೆ ಕಷ್ಟಕ್ಕೆ ಸಹಾಯ ಕೇಳಿಕೊಂಡು ಬಂದರು. ಗಂಡಸು ಡಾಕ್ಟರ್ ಬೇಡ, ಹೆಂಗಸೇ ಬೇಕು ಅಂದರು. ಐಡಾಗೆ ವೈದ್ಯ ಗೊತ್ತಿಲ್ಲ. ಬೆಳಗಾಗುವಷ್ಟರಲ್ಲಿ ಮೂವರೂ ತಾಯಂದಿರು ತೀರಿಕೊಂಡಿದ್ದರು. ಆ ರಾತ್ರಿ ಅವರ ದಾರಿ ತಿರುಗಿಸಿತು. ವಾಪಸ್ ಹೋಗಿ 1899ರಲ್ಲಿ ಕಾರ್ನೆಲ್‌ನಲ್ಲಿ ವೈದ್ಯಕೀಯ ಪದವಿ ಪಡೆದು ಬಂದರು. 1902ರಲ್ಲಿ ವೆಲ್ಲೂರಿನಲ್ಲಿ ಆಸ್ಪತ್ರೆ, 1918ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಕೀಯ ಶಾಲೆ. ಆ ಶಾಲೆಯೇ ಬೆಳೆದು ಮೇರಿ ಓದಿದ ಕಾಲೇಜಾಯ್ತು.

ಮೇರಿಗೂ ಒಂದು ಕನಸಿತ್ತು. ಸ್ತ್ರೀರೋಗ ತಜ್ಞೆಯಾಗಬೇಕು, ಹೆರಿಗೆ ಮಾಡಿಸಬೇಕು. ಒಳ್ಳೆಯ ಕನಸು. ಎಂ.ಬಿ.ಬಿ.ಎಸ್. ಮುಗೀತು. ಬಾಗಿಲು ತೆರೆದೇ ಇತ್ತು.

1954ರ ಜನವರಿ. ಜೊತೆಯ ಯುವ ವೈದ್ಯರೊಂದಿಗೆ ಹೋಗ್ತಾ ಇದ್ದ ವಾಹನ ರಸ್ತೆಯಲ್ಲಿ ಉರುಳಿಬಿತ್ತು. ಮೇರಿಯವರಿಗೆ ಆಗ 28 ವರ್ಷ. ಮುಖಕ್ಕೆ ಆಳವಾದ ಗಾಯ, ಅದರ ಗುರುತು ಕೊನೆಯವರೆಗೂ ಉಳೀತು. ಅದಕ್ಕಿಂತ ದೊಡ್ಡದು ಬೆನ್ನುಹುರಿಗೆ ಬಿದ್ದ ಪೆಟ್ಟು. ಮೆದುಳಿನಿಂದ ಕಾಲಿಗೆ ಹೋಗೋ ಅಪ್ಪಣೆ, ಕಾಲಿನಿಂದ ಮೆದುಳಿಗೆ ಬರೋ ಸುದ್ದಿ ಎಲ್ಲವೂ ಬೆನ್ನುಹುರಿಯ ಮೂಲಕವೇ ಓಡಾಡಬೇಕು. ಅದು ತುಂಡಾದರೆ ಕಾಲು ಆಡೋದಿಲ್ಲ, ಮುಟ್ಟಿದ್ದೂ ಗೊತ್ತಾಗೋದಿಲ್ಲ. ಮೂತ್ರದ ಮೇಲೂ ಹಿಡಿತ ಇರೋದಿಲ್ಲ. ಮೇರಿಯವರು ಮತ್ತೆ ನಡೀಲಿಲ್ಲ.

ಈ ವಾಕ್ಯವನ್ನ ನಾನು ಬೇಗ ದಾಟಿ ಹೋಗೋದಿಲ್ಲ. ನಾವು ಪೆಂತೆಕೊಸ್ತ ಸಭೆಯವರು. ದೇವರು ಇವತ್ತಿಗೂ ಗುಣಮಾಡ್ತಾನೆ ಅಂತ ನಂಬೋರು. ಕಣ್ಣಾರೆ ಕಂಡವರು ಇಲ್ಲಿ ಕೂತಿದ್ದೀರಿ. ಆ ನಂಬಿಕೆಯನ್ನ ನಾನು ಬಿಟ್ಟುಕೊಡೋದಿಲ್ಲ. ಆದರೆ ಮೇರಿಯವರು ದೇವರ ಮಗಳಾಗಿದ್ದೂ ನಡೀಲಿಲ್ಲ. 32 ವರ್ಷ, ಅಂದ್ರೆ ಸಾಯೋವರೆಗೂ ನಡೀಲಿಲ್ಲ. ಇದನ್ನ ಹೇಳೋಕೆ ನಮ್ಮ ವೇದಿಕೆಗಳಲ್ಲಿ ನಾವು ಹಿಂಜರಿತೀವಿ. ಇವತ್ತು ಹೇಳೋಣ.

ತಿಂಗಳುಗಟ್ಟಲೆ ಹಾಸಿಗೆ. ಡಾಕ್ಟರಾಗಿದ್ದವರು ಅದೇ ಆಸ್ಪತ್ರೆಯಲ್ಲಿ ರೋಗಿ. ಹೆರಿಗೆ ಕೋಣೆಯಲ್ಲಿ ನಿಂತು ಕೆಲಸ ಮಾಡೋ ಡಾಕ್ಟರಾಗೋದು ಇನ್ನು ಸಾಧ್ಯವಿಲ್ಲ. ಬಿಥೂನ್ಯದ ಬಾಗಿಲು ಮುಚ್ಚಿತ್ತು. ಅದು ಮೇರಿಯವರ ತ್ರೋವ.

ಅಲ್ಲಿ ಅವರಿಗೂ ಒಬ್ಬ ವೈದ್ಯ ಜೊತೆಯಾದ. ಡಾ. ಪಾಲ್ ಬ್ರಾಂಡ್. ಇವರ ಕಥೆ ಕೇಳಿದ್ರೆ ಬಿ.ಕಾಂ. ಓದಿದ ನನ್ನ ತಮ್ಮನಿಗೆ ಧೈರ್ಯ ಬರುತ್ತೆ. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಷನರಿಗಳಿಗೆ ಹುಟ್ಟಿದ ಪಾಲ್‌ಗೆ ಮೊದಲು ವೈದ್ಯಕೀಯ ಅಂದ್ರೆ ಆಗ್ತಾನೇ ಇರಲಿಲ್ಲ. ಲಂಡನ್ನಿನಲ್ಲಿ ಐದು ವರ್ಷ ಮನೆ ಕಟ್ಟೋ ಕೆಲಸ ಕಲಿತರು. ಗಾರೆ ಕೆಲಸ, ಮರಗೆಲಸ ಎಲ್ಲ. ಆಮೇಲೆ ಮನಸ್ಸು ತಿರುಗಿ ಡಾಕ್ಟರ್ ಓದಿದರು, ಸರ್ಜನ್ ಆದರು. 1946ರಲ್ಲಿ ವೆಲ್ಲೂರಿಗೆ ಬಂದು ಕುಷ್ಠರೋಗಿಗಳ ಕೈ ಸರಿಮಾಡೋ ಶಸ್ತ್ರಚಿಕಿತ್ಸೆಗೆ ಕೈ ಹಾಕಿದರು. ಆಗ ಆ ಕೈಗಳನ್ನ ಮುಟ್ಟೋಕೇ ಜನ ಹೆದರುತ್ತಿದ್ದರು. ಕುಷ್ಠದಲ್ಲಿ ಬೆರಳು ತಾನಾಗೇ ಕೊಳೆತು ಉದುರೋದಿಲ್ಲ, ನರ ಸತ್ತು ನೋವೇ ಗೊತ್ತಾಗದೆ ಸುಟ್ಟುಕೊಂಡು, ಕೊಯ್ದುಕೊಂಡು ಹಾಳಾಗುತ್ತೆ ಅಂತ ಲೋಕಕ್ಕೆ ತೋರಿಸಿದವರಲ್ಲಿ ಇವರು ಮುಖ್ಯರು. ಐದು ವರ್ಷದ ಕಟ್ಟಡ ಕೆಲಸ ದಂಡವಾಯ್ತಾ? ಇಲ್ಲ. ಮರದ ಮೇಲೆ ಪಳಗಿದ ಕೈ ಮನುಷ್ಯರ ಕೈಯನ್ನ ಸರಿಮಾಡೋಕೆ ಬಂತು.

ಆ ಬ್ರಾಂಡ್ ಅವರು ಮೇರಿಯವರಿಗೆ ಒಂದು ಮಾತು ಸೂಚಿಸಿದರು. ಕೈಯ ಶಸ್ತ್ರಚಿಕಿತ್ಸೆಗೆ ಸರ್ಜನ್ ನಿಂತುಕೊಳ್ಳಲೇಬೇಕು ಅಂತಿಲ್ಲ. ರೋಗಿಯ ಕೈಯನ್ನ ಮೇಜಿನ ಮೇಲೆ ಇಟ್ಟು ಕೂತುಕೊಂಡೇ ಮಾಡಬಹುದು. ಮೇರಿಯ ಕಾಲು ಹೋಗಿದೆ, ನಿಜ. ಎರಡು ಕೈಯೂ ಚೆನ್ನಾಗಿವೆಯಲ್ಲ?

ಯೋಚನೆ ಮಾಡಿ. ಎಲ್ಲರೂ ಹೋದದ್ದನ್ನ ಲೆಕ್ಕ ಹಾಕ್ತಾ ಇದ್ದಾಗ ಒಬ್ಬರು ಉಳಿದದ್ದನ್ನ ನೋಡಿದರು. ಮೋಶೆಯ ಹತ್ತಿರ ಏನಿಲ್ಲ ಅಂತ ದೇವರು ಕೇಳಲಿಲ್ಲ, ಕೈಯಲ್ಲಿ ಏನಿದೆ ಅಂತ ಕೇಳಿದ. ಕುರಿ ಕಾಯೋ ಕೋಲಿತ್ತು. ಅದೇ ಸಾಕಾಯ್ತು. ದೇವರಿಗೆ ಸ್ತೋತ್ರ!

ಹಾಗೆ ಮೇರಿಯವರು ಗಾಲಿಕುರ್ಚಿಯಲ್ಲಿ ಆಪರೇಷನ್ ಥಿಯೇಟರಿಗೆ ವಾಪಸ್ ಬಂದರು. ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡೋಕೆ ಶುರುಮಾಡಿದರು. ಕೈಯಲ್ಲಿ ಸ್ಪರ್ಶ ಕಳಕೊಂಡವರ ಮುಂದೆ, ಕಾಲಲ್ಲಿ ಸ್ಪರ್ಶ ಕಳಕೊಂಡ ಡಾಕ್ಟರ್. ಗಾಯದ ಗುರುತಿನ ಮುಖ, ಚಕ್ರದ ಕುರ್ಚಿ. ಆ ರೋಗಿಗಳಿಗೆ ಬೇರೆ ಸಾಕ್ಷಿ ಬೇಕಿತ್ತಾ?

ಆ ಶಸ್ತ್ರಚಿಕಿತ್ಸೆ ಹೇಗೆ ಮಾಡ್ತಾರೆ ಅಂತ ಸ್ವಲ್ಪ ಹೇಳ್ತೀನಿ, ಇದು ಮುಖ್ಯ. ಕುಷ್ಠದಿಂದ ಕೆಲವು ಮಾಂಸಖಂಡಗಳು ಸತ್ತು ಬೆರಳು ಕೊಕ್ಕೆ ಹಾಗೆ ಮಡಚಿಕೊಳ್ಳುತ್ತೆ. ಸತ್ತ ಮಾಂಸಖಂಡವನ್ನ ಬದುಕಿಸೋಕೆ ಆಗೋದಿಲ್ಲ. ಆದರೆ ಪಕ್ಕದಲ್ಲಿ ಗಟ್ಟಿಯಾಗಿರೋ ಇನ್ನೊಂದು ಮಾಂಸಖಂಡ ಇರುತ್ತೆ, ಬೇರೆ ಕೆಲಸ ಮಾಡ್ತಾ ಇರುತ್ತೆ. ಅದರ ಸ್ನಾಯುರಜ್ಜು, ಅಂದ್ರೆ ಮಾಂಸವನ್ನ ಎಲುಬಿಗೆ ಕಟ್ಟೋ ಹಗ್ಗದಂಥದ್ದು, ಅದನ್ನ ಬಿಡಿಸಿ ದಾರಿ ತಿರುಗಿಸಿ ಬೆರಳಿಗೆ ಹೊಲೀತಾರೆ. ಶಕ್ತಿ ಹಳೇದೇ, ದಾರಿ ಮಾತ್ರ ಹೊಸದು. ಆಮೇಲೆ ಕೆಲವು ವಾರ ಪ್ಲಾಸ್ಟರ್ ಹಾಕಿ ಕೈಯನ್ನ ಅಲ್ಲಾಡದ ಹಾಗೆ ಇಡ್ತಾರೆ. ಪ್ಲಾಸ್ಟರ್ ಬಿಚ್ಚಿದ ದಿನವೇ ಬೆರಳು ಆಡೋದಿಲ್ಲ. ಫಿಸಿಯೋಥೆರಪಿಸ್ಟ್ ಪಕ್ಕದಲ್ಲಿ ಕೂತು ದಿನದಿನ ಕಲಿಸಬೇಕು. ಹಳೇ ಕೆಲಸಕ್ಕೆ ಒಗ್ಗಿದ ಮಾಂಸಖಂಡ ಹೊಸ ಕೆಲಸವನ್ನ ಮಗುವಿನ ಹಾಗೆ ಕಲೀಬೇಕು.

ದಾರಿ ಬದಲಿಸಿದ ಯೌವನಸ್ಥರೇ, ನಿಮ್ಮಲ್ಲಿ ಕೆಲವರು ಈಗ ಪ್ಲಾಸ್ಟರಿನಲ್ಲಿದ್ದೀರಿ. ಏನೂ ಆಡ್ತಾ ಇಲ್ಲ, ಕತ್ತರಿಸಿದ ನೋವು ಮಾತ್ರ ಇದೆ. ಇನ್ನು ಕೆಲವರ ಪ್ಲಾಸ್ಟರ್ ಬಿಚ್ಚಿದೆ. ಮೂವತ್ತು ವರ್ಷ ದಾಟಿ, ಹದಿನೆಂಟರ ಹುಡುಗರ ಜೊತೆ ಮೊದಲನೇ ವರ್ಷದ ಬೆಂಚಿನಲ್ಲಿ ಕೂತು ನಾಚಿಕೆಪಡ್ತಾ ಇದ್ದೀರಿ. ನಾಚಿಕೆ ಬೇಡ. ಹೊಸ ದಾರಿಗೆ ಹೊಲಿದ ಶಕ್ತಿ ಕಲಿಯೋಕೆ ಸಮಯ ಬೇಕು.

ಮೇರಿಯವರೂ ಮತ್ತೆ ಕಲಿತರು. ಕೈಯ ಶಸ್ತ್ರಚಿಕಿತ್ಸೆಯಲ್ಲೇ ನಿಲ್ಲಲಿಲ್ಲ. ತಮ್ಮ ಹಾಗೆ ಬೆನ್ನುಹುರಿ ಮುರಿದವರಿಗೆ ನಮ್ಮ ದೇಶದಲ್ಲಿ ಏನಿದೆ ಅಂತ ನೋಡಿದರೆ ಹೆಚ್ಚೇನೂ ಇರಲಿಲ್ಲ. ಆಸ್ಟ್ರೇಲಿಯಾದ ಪರ್ತ್‌ಗೆ ಹೋಗಿ ಗಾಲಿಕುರ್ಚಿಯ ಜೀವನವನ್ನ ತಾವೇ ಕಲಿತರು. ಅಲ್ಲಿಂದ ಮುಂದೆ ನ್ಯೂಯಾರ್ಕ್‌ಗೆ ಹೋಗಿ ಡಾ. ಹೊವರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಪುನಶ್ಚೇತನ ವೈದ್ಯಶಾಸ್ತ್ರ ಓದಿದರು. 1963ರಲ್ಲಿ ವೆಲ್ಲೂರಿನಲ್ಲಿ ಫಿಸಿಕಲ್ ಮೆಡಿಸಿನ್ ಮತ್ತು ರಿಹ್ಯಾಬಿಲಿಟೇಶನ್ ವಿಭಾಗದ ಮುಖ್ಯಸ್ಥೆಯಾದರು. ರೋಗಿಗಳನ್ನ ಒಳಗೆ ಸೇರಿಸಿಕೊಂಡು ತರಬೇತಿ ಕೊಡೋ ಅಂಥ ವಿಭಾಗ ಭಾರತದಲ್ಲಿ ಅದೇ ಮೊದಲು. 1966ರಲ್ಲಿ ಅದಕ್ಕೇ ಪ್ರತ್ಯೇಕ ಪುನಶ್ಚೇತನ ಕೇಂದ್ರ ತೆರೀತು. 1972ರಲ್ಲಿ ಸರ್ಕಾರ ಪದ್ಮಶ್ರೀ ಕೊಟ್ಟಿತು. 1986ರಲ್ಲಿ ಮೇರಿಯವರು ಕರ್ತನ ಬಳಿಗೆ ಹೋದರು. ಆ ಪುನಶ್ಚೇತನ ಕೇಂದ್ರಕ್ಕೆ ಇವತ್ತು ಅವರದೇ ಹೆಸರಿದೆ.

ಆ ವಿಭಾಗದಲ್ಲಿ ಏನು ಕಲಿಸ್ತಾರೆ? ನಡೆಯೋಕೆ ಆಗದವರು ಹಾಸಿಗೆಯಿಂದ ಗಾಲಿಕುರ್ಚಿಗೆ ತಾವೇ ಹೇಗೆ ಜಾರಿಕೊಳ್ಳಬೇಕು. ಮೂತ್ರದ ನಳಿಕೆಯನ್ನ ಹೇಗೆ ಶುಚಿಯಾಗಿ ಇಡಬೇಕು, ಇಲ್ಲದಿದ್ರೆ ಸೋಂಕು ಮೂತ್ರಪಿಂಡಕ್ಕೆ ಏರುತ್ತೆ. ಯಾವ ಕೈಕೆಲಸ ಕಲಿತರೆ ಸಂಪಾದನೆ ಆಗುತ್ತೆ. ಎಲ್ಲಕ್ಕಿಂತ ಮುಖ್ಯ, ಹಾಸಿಗೆ ಹುಣ್ಣು ಆಗದ ಹಾಗೆ ಹೇಗೆ ನೋಡಿಕೊಳ್ಳಬೇಕು. ನಾವು ನಿದ್ದೆಯಲ್ಲೂ ಮಗ್ಗುಲು ಬದಲಿಸ್ತೀವಿ, ಯಾಕಂದ್ರೆ ದೇಹಕ್ಕೆ ಒತ್ತೋದು ಗೊತ್ತಾಗುತ್ತೆ. ಸ್ಪರ್ಶ ಹೋದವರಿಗೆ ಗೊತ್ತಾಗೋದಿಲ್ಲ. ಎಲುಬು ಒತ್ತಿದ ಜಾಗಕ್ಕೆ ರಕ್ತ ಹೋಗದೆ ಚರ್ಮ ಸಾಯುತ್ತೆ, ಹುಣ್ಣು ಎಲುಬಿನವರೆಗೂ ಇಳಿಯುತ್ತೆ. ಅದಕ್ಕೆ ಹಾಸಿಗೆ ಹಿಡಿದವರನ್ನ ಸುಮಾರು ಎರಡು ಗಂಟೆಗೊಮ್ಮೆ ಯಾರಾದರೂ ಹೊರಳಿಸಬೇಕು.

ಈಗ ನಿಮ್ಮನ್ನ ತಗಡೂರಿಗೆ ಯಾಕೆ ಕರ್ಕೊಂಡು ಬಂದೆ ಅಂತ ಹೇಳ್ತೀನಿ.

ನಾನು ಬೈಬಲ್ ಕಾಲೇಜು ಮುಗಿಸಿದ ಹೊಸದರಲ್ಲಿ ಈ ಕಡೆಯ ಒಂದು ಹಳ್ಳಿಗೆ ಪ್ರಾರ್ಥನೆಗೆ ಬರ್ತಾ ಇದ್ದೆ. ಅಲ್ಲಿ ಒಬ್ಬ ಅಣ್ಣ ಇದ್ದ. ಕಾಯಿ ಕೀಳೋಕೆ ತೆಂಗಿನ ಮರ ಹತ್ತಿ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಗಿತ್ತು. ನಾವು ನಾಲ್ಕು ಜನ ಹುಡುಗರು ವಾರವಾರ ಬಂದು ಅವನ ಮಂಚದ ಸುತ್ತ ನಿಂತು ಎರಡೆರಡು ಗಂಟೆ ಪ್ರಾರ್ಥನೆ ಮಾಡ್ತಿದ್ವಿ. ಎದ್ದು ನಡಿ ಅಂತ ಕೂಗ್ತಿದ್ವಿ. ಅವನು ಏಳಲಿಲ್ಲ. ಒಂದು ದಿನ ನಾನು ಅವನ ಮುಖ ನೋಡಿ, ನಿನ್ನಲ್ಲಿ ಏನೋ ಅಪನಂಬಿಕೆ ಇದೆ ಅಣ್ಣ, ಅರಿಕೆ ಮಾಡು ಅಂದೆ. ಅವನು ಗೋಡೆ ಕಡೆ ಮುಖ ತಿರುಗಿಸಿಕೊಂಡ. ಅಕ್ಕ, ಅವನ ಹೆಂಡತಿ, ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ತಾ ಇದ್ದರು. ಆ ಮನೆಯಲ್ಲಿ ಒಂದು ವಾಸನೆ ಇತ್ತು. ಏನು ಅಂತ ನಾನು ಕೇಳಲಿಲ್ಲ. ಹುಣ್ಣಿನ ವಾಸನೆ ಅದು. ಆ ಹುಣ್ಣಿನಿಂದಲೇ ಅವನು ತೀರಿಕೊಂಡ.

ಎರಡು ಗಂಟೆ ಪ್ರಾರ್ಥನೆ ಮಾಡೋಕೆ ನಮಗೆ ಗೊತ್ತಿತ್ತು. ಎರಡು ಗಂಟೆಗೊಮ್ಮೆ ಅವನನ್ನ ಹೊರಳಿಸಬೇಕು ಅಂತ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನಾನು ಅಕ್ಕನ ಹತ್ತಿರ ಹೋಗಿ ಕ್ಷಮೆ ಕೇಳಿದ್ದೀನಿ. ಅವರು ಕ್ಷಮಿಸಿದರು. ಆದರೂ ಇದನ್ನ ಸಭೆಯ ಮುಂದೆ ಹೇಳ್ತಾ ಇದ್ದೀನಿ, ಯಾಕಂದ್ರೆ ನೀವು ನನ್ನ ಹಾಗೆ ಆಗಬಾರದು. ಗುಣವಾಗದವರ ಮೇಲೆ ಅಪನಂಬಿಕೆಯ ಹೊರೆ ಹೊರಿಸಬೇಡಿ. ಯಾಕೋಬ ಯಬ್ಬೋಕ್ ಹೊಳೆ ದಂಡೆಯಲ್ಲಿ ರಾತ್ರಿಯೆಲ್ಲ ದೇವರ ಜೊತೆ ಹೋರಾಡಿ ಆಶೀರ್ವಾದ ಪಡೆದ. ಬೆಳಿಗ್ಗೆ ಕುಂಟುತ್ತಾ ಹೊರಟ. ಆಶೀರ್ವಾದವೂ ನಿಜ, ಕುಂಟೂ ನಿಜ. ಪೌಲನಿಗೆ ಶರೀರದಲ್ಲಿ ನಾಟಿದ್ದ ಮುಳ್ಳನ್ನ ಮೂರು ಸಲ ಬೇಡಿಕೊಂಡರೂ ದೇವರು ತೆಗೀಲಿಲ್ಲ, ಕೃಪೆ ಕೊಟ್ಟ. ಮೇರಿಯವರ ಕಾಲಿಗೆ ಬಲ ಬರಲಿಲ್ಲ. ಆದರೆ ಅವರಿಂದಾಗಿ ಎಷ್ಟೋ ಜನ ಮಂಚ ಬಿಟ್ಟು ಎದ್ದರು. ಇದು ದೇವರ ಕೆಲಸ ಅಲ್ವಾ?

ಈಗ ನಿಮ್ಮ ಚೀಟಿಗಳಿಗೆ ಬರ್ತೀನಿ. ನಾನು ಡಾಕ್ಟರಲ್ಲ, ನಿಮಗೆ ಕೋರ್ಸು ಆರಿಸಿಕೊಡೋ ಯೋಗ್ಯತೆ ನನಗಿಲ್ಲ. ಆದರೆ ಮೂರು ವಿಷಯ ಹೇಳಬಲ್ಲೆ.

ಮೊದಲನೇದು, ವೈದ್ಯಕೀಯ ಸೇವೆ ಅಂದ್ರೆ ಎಂ.ಬಿ.ಬಿ.ಎಸ್. ಒಂದೇ ಅಲ್ಲ. ನೀಟ್‌ನಲ್ಲಿ ಸೀಟು ಸಿಗದ ತಂಗಿ, ಕೊಕ್ಕೆಯಾದ ಬೆರಳಿಗೆ ಮತ್ತೆ ಆಡೋಕೆ ಕಲಿಸಿದ್ದು ಸರ್ಜನ್ ಅಲ್ಲ, ಫಿಸಿಯೋಥೆರಪಿಸ್ಟ್. ಮುರಿದ ಬದುಕಿಗೆ ಊಟ, ಬಟ್ಟೆ, ಕೆಲಸ ಮಾಡಿಕೊಳ್ಳೋದನ್ನ ಕಲಿಸೋದು ಆಕ್ಯುಪೇಶನಲ್ ಥೆರಪಿಸ್ಟ್. ಕೃತಕ ಕಾಲು, ಕ್ಯಾಲಿಪರ್ ಮಾಡೋದು ಇನ್ನೊಂದು ಓದು, ಪಾಲ್ ಬ್ರಾಂಡ್ ಅವರ ಹಾಗೆ ಕೈಕೆಲಸ ಇಷ್ಟಪಡೋರಿಗೆ ಅದು ಸರಿಹೊಂದಬಹುದು. ಮಾತು ಬಾರದ ಮಗುವಿಗೆ, ಲಕ್ವಾ ಹೊಡೆದು ಮಾತು ಹೋದ ತಾತನಿಗೆ ಮಾತು ಕಲಿಸೋ ಓದಿಗೆ ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ. ಅದರ ಗೇಟಿನ ಮುಂದೆ ದಿನಾ ಓಡಾಡೋರೂ ಒಳಗೆ ಹೋಗಿ ವಿಚಾರಿಸಿರೋದಿಲ್ಲ. ಸೇರೋ ಮುಂಚೆ ಕಾಲೇಜಿಗೂ ಕೋರ್ಸಿಗೂ ಮಾನ್ಯತೆ ಇದೆಯಾ ಅಂತ ನೋಡಿ. ಕೃತಕ ಕಾಲಿನ ಓದಿಗೆ, ಮಾತಿನ ಚಿಕಿತ್ಸೆಯ ಓದಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಬೇಕು. ಪ್ರಾರ್ಥನೆ ಮಾಡಿದ್ದೀನಿ ಅಂತ ವಿಚಾರಿಸದೆ ಫೀಸು ಕಟ್ಟಬೇಡಿ.

ಎರಡನೇದು, ಹೋದದ್ದನ್ನ ಅಳಬಹುದು, ಆದರೆ ಉಳಿದದ್ದನ್ನ ಎಣಿಸಿ. ಬೆನ್ನುನೋವಿನ ಸಹೋದರಿ, ರೋಗಿಯ ಮುಖ ನೋಡಿ ನೋವು ಗುರುತಿಸೋ ಕಣ್ಣು ನಿಮಗಿದೆ. ಅದು ವಾರ್ಡಿನಲ್ಲಿ ವರ್ಷಗಟ್ಟಲೆ ನಿಂತು ಸಿಕ್ಕಿದ್ದು. ಕಲಿಸೋ ಕೆಲಸ, ಸೋಂಕು ತಡೆಯೋ ಕೆಲಸ, ಮನೆಯವರಿಗೆ ಆರೈಕೆ ಹೇಳಿಕೊಡೋ ಕೆಲಸ, ಇವಕ್ಕೆ ಆ ಕಣ್ಣೇ ಬೇಕು. ಶಕ್ತಿ ಹಳೇದು, ದಾರಿ ಹೊಸದು.

ಮೂರನೇದು, ಯಾವ ದಾರಿ ಅಂತ ಗೊತ್ತಾಗದೆ ಇದ್ದಾಗ ಕಣ್ಣು ಮುಚ್ಚಿ ಪ್ರಾರ್ಥಿಸಿ, ಆಮೇಲೆ ಕಣ್ಣು ತೆರೆದು ಯಾರ ಕಷ್ಟ ನಿಮ್ಮ ಬಾಗಿಲಿಗೆ ಬಂದಿದೆ ಅಂತ ನೋಡಿ. ಐಡಾ ಅವರ ಬಾಗಿಲಿಗೆ ಮೂರು ಮನೆಯವರು ಬಂದರು. ಪೌಲನಿಗೆ ಕಂಡ ಮಕೆದೋನ್ಯದವನೂ ಸಹಾಯವನ್ನೇ ಕೇಳಿದ. ಮೇರಿಯವರಿಗೆ ಕರೆ ಬಂದದ್ದು ಅವರ ಸ್ವಂತ ಗಾಯದ ಒಳಗಿನಿಂದಲೇ. ನಿಮ್ಮಲ್ಲಿ ಕೆಲವರಿಗೂ ಹಾಗೇ ಬರಬಹುದು.

ಇವತ್ತು ಮಧ್ಯಾಹ್ನ ಊಟ ಆದ ಮೇಲೆ ಗುಂಪು ಗುಂಪಾಗಿ ಈ ಸುತ್ತಿನ ಮನೆಗಳಿಗೆ ಹೋಗ್ತೀವಿ. ಹಾಸಿಗೆ ಹಿಡಿದವರಿದ್ದರೆ ಪ್ರಾರ್ಥನೆ ಮಾಡೋಣ, ಗುಣವಾಗಲಿ ಅಂತ ನಂಬಿಕೆಯಿಂದಲೇ ಮಾಡೋಣ. ಆದರೆ ನಮ್ಮ ಸಭೆಯ ನರ್ಸ್ ಸಹೋದರಿಯರು ಮುಂದೆ ಇರ್ತಾರೆ. ಮೊದಲು ಬೆನ್ನು ನೋಡಿ, ಹೊರಳಿಸೋದನ್ನ ಮನೆಯವರಿಗೆ ಹೇಳಿಕೊಡ್ತಾರೆ. ಆಮೇಲೆ ನಾನು ಮಾತಾಡ್ತೀನಿ.

ತಲೆಬಾಗಿಸೋಣ. ಪರಲೋಕದ ತಂದೆಯೇ, ಬಾಗಿಲು ಮುಚ್ಚಿಹೋಯ್ತು ಅಂತ ಅಳ್ತಾ ಇರೋ ಈ ನಿನ್ನ ಮಕ್ಕಳನ್ನ ನೋಡು. ಅವರ ಕೈಯಲ್ಲಿ ಉಳಿದಿರೋದನ್ನ ಅವರಿಗೆ ತೋರಿಸು. ತ್ರೋವದಲ್ಲಿ ಅವರನ್ನ ಒಂಟಿಯಾಗಿ ಬಿಡಬೇಡ, ಜೊತೆಗಾರರನ್ನ ಕಳಿಸು. ಗುಣವಾಗದೆ ಇರೋ ನಮ್ಮ ಅಣ್ಣಂದಿರು, ಅಕ್ಕಂದಿರು ನಮ್ಮ ಸಭೆಯಲ್ಲಿ ತಲೆ ಎತ್ತಿ ಕೂರುವ ಹಾಗೆ ಮಾಡು. ನಮ್ಮ ಬಾಯಿಗೆ ಕನಿಕರ ಕೊಡು, ನಮ್ಮ ಕೈಗೆ ಕೆಲಸ ಕಲಿಸು. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ, ತಂದೆಯೇ. ಆಮೆನ್.